ಸದ್ದಿನ ಪೆಟ್ಟಿಗೆಯ ನಕ್ಷೆ: ಒಂದು ಪಾಠವಿಮರ್ಶೆ

ಚರಿತ್ರೆಯ ವಿದ್ಯಾರ್ಥಿಗೆ ಶಾಸನ, ನಾಣ್ಯ, ಕಡತ, ಓಲೆಯ ಕಟ್ಟು ಇವು ಆಧಾರಗಳೆಂಬುದು ಎಲ್ಲರೂ ಒಪ್ಪಿದ ಮಾತು. ಯಂತ್ರವೊಂದರ ನಕ್ಷೆಯೂ ಅವುಗಳ ಸಾಲಿನಲ್ಲಿ ನಿಲ್ಲತಕ್ಕದ್ದೆಂದರೆ ಮಾತ್ರ ಕೆಲವರು ಹುಬ್ಬೇರಿಸುತ್ತಾರೆ. ಉಗಿಯಂತ್ರದ ಅಥವಾ ಅಣೆಕಟ್ಟಿನ ನಕ್ಷೆಯಾದರೆ ಆಗಲಿ ಎಂದಾರು; ಅಂಗೈಯಗಲದ ಪೆಟ್ಟಿಗೆಯೊಂದರ, ಅದರಲ್ಲಿಯೂ ಕಿರಿಚುವುದು ಗೊರಗುಟ್ಟುವುದು ಇಷ್ಟೇ ಕಸುಬಾಗಿರುವ ಪೆಟ್ಟಿಗೆಯೊಂದರ ನಕ್ಷೆಗೆ ವಿದ್ವಾಂಸರ ಗಮನ ಏತಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಅಂಥ ಒಂದು ನಕ್ಷೆಯನ್ನೇ. ೧೯೮೦ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಕೈಪಿಡಿಯ ಪುಟದಿಂದ ಹೊರಟ ಇದು, ಕೈಯಿಂದ ಕೈಗೆ ಪ್ರತಿಯಾಗುತ್ತ, ಇಂದು ಮನೆಯಲ್ಲಿಯೇ ಕುಳಿತು ವಿದ್ಯುನ್ಮಾನ ವಾದ್ಯವನ್ನು ಕಟ್ಟಲು ತೊಡಗುವವರ ಮೊದಲ ಪಾಠಗಳಲ್ಲಿ ಒಂದಾಗಿದೆ. ಇದನ್ನು ಕುರಿತು ಬರೆದವರೂ ಬಹುಮಂದಿ. ಅವರಲ್ಲಿ ಹೆಚ್ಚಿನವರು ಇದನ್ನು ದಂಗೆಯ ವಾದ್ಯವೆಂದೂ ಅವ್ಯವಸ್ಥೆಯ ವಾದ್ಯವೆಂದೂ ಕೊಂಡಾಡುತ್ತಾರೆ. ನಕ್ಷೆಯನ್ನು ಓದಿ ಪೆಟ್ಟಿಗೆಯನ್ನು ಕಿವಿಗೊಟ್ಟು ಕೇಳಿದವರಿಗೆ ಕಾಣುವುದಾದರೋ ಬೇರೆ. ಇದು ಎಣಿಸುವ ಯಂತ್ರ; ಇದರ ಸದ್ದಿಗೆ ಅಂಕಗಣಿತದ ಕಟ್ಟುನಿಟ್ಟಿದೆ. ಈ ಎರಡು ಮಾತುಗಳ ನಡುವಣ ಅಂತರವೇ ಪ್ರಕೃತ ವಿಮರ್ಶೆಯ ವಿಷಯ.

ನಕ್ಷೆಯ ಕರ್ತೃ ಫಾರೆಸ್ಟ್ ಮಿಮ್ಸ್. ಈತ ಇಂಜಿನಿಯರಿಂಗ್ ಓದಿದವನಲ್ಲವೆಂಬುದು ಗಮನಿಸತಕ್ಕ ಸಂಗತಿ. ೧೯೬೬ರಲ್ಲಿ ಟೆಕ್ಸಾಸಿನ ವಿಶ್ವವಿದ್ಯಾನಿಲಯವೊಂದರಿಂದ ಪದವಿ ಪಡೆದಾಗ ಈತನ ಮುಖ್ಯ ವಿಷಯ ರಾಜ್ಯಶಾಸ್ತ್ರ. ಉಪವಿಷಯಗಳು ಇಂಗ್ಲಿಷು ಮತ್ತು, ನಮ್ಮ ವಿಭಾಗದವರಿಗೆ ಸಂತೋಷವಾಗುವಂತೆ, ಇತಿಹಾಸ. ೧೯೬೯ರಲ್ಲಿ ಆಲ್ಬುಕರ್ಕಿ ಪಟ್ಟಣದಲ್ಲಿ ಎಂ. ಐ. ಟಿ. ಎಸ್. ಎಂಬ ಸಂಸ್ಥೆಯನ್ನು ಗೆಳೆಯರೊಡನೆ ಸ್ಥಾಪಿಸಿದವರಲ್ಲಿ ಈತನೂ ಒಬ್ಬ. ಅದೇ ಸಂಸ್ಥೆ ಈತ ಬಿಟ್ಟುಹೋದ ಮೇಲೆ ೧೯೭೫ರಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರನ್ನು ಮಾರಾಟಕ್ಕೆ ತಂದು ಹೆಸರಾಯಿತು. ಮಿಮ್ಸನ ದಾರಿ ಬೇರೆಯಾಯಿತು. ರೇಡಿಯೊ ಶ್ಯಾಕ್ ಎಂಬ ಅಂಗಡಿಗಳ ಸಂಸ್ಥೆಗಾಗಿ ಈತ ಕೈಪಿಡಿಗಳನ್ನು ಬರೆದ. ಬರೆದ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು: ಅಚ್ಚಿನ ಮೊಳೆಗಳಿಲ್ಲದೆ, ನಕ್ಷೆಯನ್ನೂ ವಿವರಣೆಯನ್ನೂ ಚೌಕುಳಿ ಹಾಳೆಯ ಮೇಲೆ ತನ್ನ ಕೈಯಿಂದಲೇ ಬರೆದು ಹಾಗೆಯೇ ಮುದ್ರಿಸಲಾಗಿದೆ. ೧೯೮೩ರಲ್ಲಿ ಹೊರಬಂದ ಈತನ ಪ್ರವೇಶಿಕೆಯೊಂದು ಹತ್ತು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಗಳಾಗಿ ಮಾರಿತು. ನಮ್ಮ ನಕ್ಷೆ ಮೊದಲು ಕಾಣುವುದು ೧೯೮೦ರ 'ಇಂಜಿನಿಯರ್ಸ್ ನೋಟ್‌ಬುಕ್' ಎಂಬ ಕೈಪಿಡಿಯಲ್ಲಿ. ಅಲ್ಲಿ ಅದರ ಹೆಸರು 'ಸೌಂಡ್ ಸಿಂಥಸೈಸರ್', ಎಂದರೆ ಧ್ವನಿಸಂಯೋಜಕ. ೧೯೮೪ರ ಚಿಕ್ಕ ಕೈಪಿಡಿಯಲ್ಲಿ ಅದೇ ನಕ್ಷೆ 'ಸ್ಟೆಪ್ಡ್ ಟೋನ್ ಜನರೇಟರ್', ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಸ್ವರವನ್ನು ಹೊರಡಿಸುವ ಯಂತ್ರ ಎಂಬ ಹೆಸರಿನಿಂದ ಬರುತ್ತದೆ. ಈ ಹೆಸರುಬದಲಾವಣೆ ಸಣ್ಣದಾಗಿ ಕಂಡರೂ ನಮ್ಮ ವಾದಕ್ಕೆ ಮುಖ್ಯವಾದುದು. ಮೊದಲ ಹೆಸರು ಎಂಥ ವಿದ್ಯುನ್ಮಾನ ವಾದ್ಯಕ್ಕಾದರೂ ಸಲ್ಲುತ್ತದೆ. ಎರಡನೆಯದು ಈ ಪೆಟ್ಟಿಗೆ ಮಾಡುವ ಕೆಲಸವನ್ನು ಖಚಿತವಾಗಿ ಹೇಳುತ್ತದೆ.

ಆ ಕೆಲಸ ಏನೆಂಬುದನ್ನು ತಿಳಿಯದೆ ಮುಂದೆ ಹೋಗಲಾಗದು. ಪೆಟ್ಟಿಗೆಯ ಜೀವಾಳ ೫೫೫ ಎಂಬ ಟೈಮರು. ಅಂಥ ಎರಡು ಬೇಕು, ಅಥವಾ ಎರಡನ್ನೂ ಒಂದೇ ಕವಚದಲ್ಲಿ ಕೂಡಿಸಿದ ೫೫೬ ಎಂಬ ಐಸಿ ಒಂದು ಸಾಕು. ಟೈಮರಿನ ವ್ಯಾಪಾರ ನಮ್ಮ ಹಿಂದಿನವರ ಗಳಿಗೆಬಟ್ಟಲಿನದಕ್ಕಿಂತ ತತ್ತ್ವದಲ್ಲಿ ಬಹಳ ದೂರವಲ್ಲ. ನೀರಿನ ಬದಲು ವಿದ್ಯುತ್ತು, ಬಟ್ಟಲಿನ ಬದಲು ಕೆಪಾಸಿಟರು, ಬಟ್ಟಲಿನ ತಳದ ಸಣ್ಣ ರಂಧ್ರದ ಬದಲು ರೆಸಿಸ್ಟರು. ಐಸಿಯ ಒಳಗಿರುವ ಮೂರು ಸಮವಾದ ರೆಸಿಸ್ಟರುಗಳು ಬ್ಯಾಟರಿಯ ವೋಲ್ಟನ್ನು ಮೂರು ಪಾಲು ಮಾಡಿಡುತ್ತವೆ. ಕೆಪಾಸಿಟರು ಎರಡು ಪಾಲಿನವರೆಗೆ ತುಂಬಿದೊಡನೆ ಐಸಿ ಅದನ್ನು ಬರಿದುಮಾಡತೊಡಗುತ್ತದೆ. ಒಂದು ಪಾಲಿಗೆ ಇಳಿದೊಡನೆ ಮತ್ತೆ ತುಂಬಗೊಡುತ್ತದೆ. ಮೊದಲ ಟೈಮರು ಹೀಗೆ ನಿಲ್ಲದೆ ಬಡಿಯುತ್ತಿರುತ್ತದೆ. ಎರಡನೆಯದರ ಸ್ವಭಾವ ಬೇರೆ. ಅದು ತಾನಾಗಿ ಬಡಿಯದು. ಮೊದಲನೆಯದು ತಟ್ಟಿ ಎಬ್ಬಿಸಿದಾಗ ಎದ್ದು, ತನ್ನ ಬಟ್ಟಲು ತುಂಬುವವರೆಗೆ ಎಚ್ಚರವಾಗಿದ್ದು, ಬಳಿಕ ಮಲಗುತ್ತದೆ. ಎಚ್ಚರವಾಗಿರುವ ಅವಧಿಯಲ್ಲಿ ಮತ್ತೆ ಎಷ್ಟು ಸಲ ತಟ್ಟಿದರೂ ಅದು ಕೇಳಿಸಿಕೊಳ್ಳುವುದಿಲ್ಲ. ಧ್ವನಿವರ್ಧಕಕ್ಕೆ ಹೋಗುವುದು ಈ ಎರಡನೆಯದರ ಏಳುಬೀಳು.

ಸಾಮಾನ್ಯವಾಗಿ ಸಿಕ್ಕುವ ಪ್ರತಿಗಳಲ್ಲಿ ಬಿಡಿಭಾಗಗಳ ಮಾನ ಹೀಗಿದೆ: ಮೊದಲ ಟೈಮರಿಗೆ ೦.೦೧ ಮೈಕ್ರೊಫ್ಯಾರಡಿನ ಕೆಪಾಸಿಟರು, ಎರಡನೆಯದಕ್ಕೆ ಅದರ ಹತ್ತರಷ್ಟು, ಎಂದರೆ ೦.೧ ಮೈಕ್ರೊಫ್ಯಾರಡಿನದು, ಎರಡಕ್ಕೂ ೫೦೦ ಕಿಲೊ ಓಮಿನ ಒಂದೊಂದು ತಿರುಗುವ ರೆಸಿಸ್ಟರು, ಎಂದರೆ ರೇಡಿಯೊದ ಧ್ವನಿ ಏರಿಸಿ ಇಳಿಸುವ ಗುಂಡಿಯ ಹಿಂದೆ ಇರುವಂಥದು, ಒಂದು ಕಿಲೊ ಓಮಿನ ರೆಸಿಸ್ಟರು, ಹೊರದಾರಿಯಲ್ಲಿ ೧೦ ಮೈಕ್ರೊಫ್ಯಾರಡಿನ ಕೆಪಾಸಿಟರು, ಎಂಟು ಓಮಿನ ಪುಟ್ಟ ಧ್ವನಿವರ್ಧಕ, ಒಂಬತ್ತು ವೋಲ್ಟಿನ ಬ್ಯಾಟರಿ. ಬೆಸುಗೆಯ ಕಡ್ಡಿಯನ್ನು ಕಾಯಿಸದೆಯೇ ಬ್ರೆಡ್‌ಬೋರ್ಡಿನ ತೂತುಗಳಿಗೆ ಚುಚ್ಚಿ ಕಟ್ಟಬಹುದು. ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ ಎಲ್ಲವೂ ದೊರೆಯುತ್ತವೆ. ಖರ್ಚು ಒಂದು ಸಾಧಾರಣ ಪುಸ್ತಕದ ಬೆಲೆಯನ್ನು ಮೀರುವುದಿಲ್ಲ.

ಈಗ ಲೆಕ್ಕವನ್ನು ನೋಡೋಣ. ಮೊದಲ ಗುಂಡಿಯನ್ನು ಪೂರ್ತಿ ತಿರುಗಿಸಿ ರೆಸಿಸ್ಟರನ್ನು ಗರಿಷ್ಠಕ್ಕೆ ಒಯ್ದರೆ ಮೊದಲ ಟೈಮರು ಸೆಕೆಂಡಿಗೆ ಸುಮಾರು ೨೮೭ ಸಲ ಬಡಿಯುತ್ತದೆ. ಇಳಿಸಿದಷ್ಟೂ ಬಡಿತ ಚುರುಕಾಗುತ್ತದೆ. ಎರಡನೆಯ ಟೈಮರು ಎಚ್ಚರವಾಗಿರಬಲ್ಲ ಗರಿಷ್ಠ ಅವಧಿ ಸೆಕೆಂಡಿನ ಸಾವಿರದಲ್ಲಿ ೫೫ ಪಾಲು. ತಿಳಿವಳಿಕೆಗಾಗಿ ಮೊದಲನೆಯದು ಸೆಕೆಂಡಿಗೆ ೪೮೦ ಸಲ ಬಡಿಯುವಂತೆ ಇಟ್ಟು, ಎರಡನೆಯದರ ಗುಂಡಿಯನ್ನು ಮಾತ್ರ ಮೆಲ್ಲಮೆಲ್ಲನೆ ತಿರುಗಿಸುತ್ತ ಬಂದೆವೆನ್ನೋಣ. ಮೊದಲು ಕೇಳುವುದು ೪೮೦ರ ಸ್ವರ. ಎಚ್ಚರದ ಅವಧಿ ಒಂದು ಬಡಿತದ ಅಂತರವನ್ನು ಮೀರಿದೊಡನೆ ಎರಡನೆಯ ಟೈಮರು ಒಂದನ್ನು ಬಿಟ್ಟು ಒಂದಕ್ಕೆ ಏಳುತ್ತದೆ. ಸ್ವರ ೨೪೦ಕ್ಕೆ ಬೀಳುತ್ತದೆ. ಇನ್ನೂ ತಿರುಗಿಸಿದರೆ ಎರಡನ್ನು ಬಿಟ್ಟು ಮೂರನೆಯದಕ್ಕೆ, ಸ್ವರ ೧೬೦. ಬಳಿಕ ೧೨೦, ೯೬, ೮೦. ನಡುವಣ ಯಾವ ಸ್ವರವೂ ಇಲ್ಲ. ಒಂದು ಮೆಟ್ಟಿಲಿನ ಮೇಲೆ ಇರುವಷ್ಟು ಹೊತ್ತೂ ಸ್ವರದ ಎತ್ತರ ಕದಲುವುದಿಲ್ಲ. ಬದಲಾಗುವುದು ಅದರ ಬಣ್ಣ ಮಾತ್ರ. ಗುಂಡಿ ತಿರುಗಿದಂತೆ ಧ್ವನಿ ಬರಬರುತ್ತ ತೆಳುವಾಗಿ, ಮೂಗಿನಿಂದ ಬಂದಂತಾಗಿ, ಥಟ್ಟನೆ ಕೆಳಗಣ ಮೆಟ್ಟಿಲಿಗೆ ಧುಮುಕುತ್ತದೆ. ಕಟ್ಟಿ ಕೇಳಿದವರು ಯಾರೂ ಈ ಧುಮುಕನ್ನು ಮರೆಯಲಾರರು. ಮೊದಲ ಟೈಮರಿನ ಬಡಿತ ಸಾವಿರಾರಕ್ಕೆ ಏರಿದಾಗ ಮೆಟ್ಟಿಲುಗಳು ಒತ್ತಾಗಿ ಜಾರುಬಂಡೆಯಂತೆ ಕೇಳುವುದೂ ಉಂಟು. ಅಲ್ಲಿಯೂ ಮೆಟ್ಟಿಲಿದೆ, ಕಿವಿಗೆ ತಿಳಿಯದು ಅಷ್ಟೆ.

ಸಂಗೀತ ಬಲ್ಲ ಓದುಗರು ಇಷ್ಟರಲ್ಲಿಯೇ ಒಂದು ಸ್ವಾರಸ್ಯವನ್ನು ಗುರುತಿಸಿರಬಹುದು. ೪೮೦ನ್ನು ಷಡ್ಜವೆಂದು ಇಟ್ಟುಕೊಂಡರೆ ೨೪೦ ಕೆಳಸ್ಥಾಯಿಯ ಷಡ್ಜ, ೧೬೦ ಅದರ ಕೆಳಗಣ ಸ್ಥಾಯಿಯ ಶುದ್ಧಮಧ್ಯಮ, ೧೨೦ ಮತ್ತೆ ಷಡ್ಜ, ೯೬ ಶುದ್ಧಧೈವತ, ೮೦ ಮತ್ತೆ ಮಧ್ಯಮ. ಏಳನೆಯ ಮೆಟ್ಟಿಲು ನಮ್ಮ ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಹೊಂದದು. ಚೆನ್ನಾಗಿ ಶ್ರುತಿಮಾಡಿದ ತಂಬೂರಿಯ ಮಂದ್ರದ ತಂತಿಯನ್ನು ಮೀಟಿದಾಗ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳುವುದೆಂಬುದನ್ನು ನಮ್ಮ ಲಾಕ್ಷಣಿಕರೂ ವಿದ್ವಾಂಸರೂ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದು ಮೂಲಸ್ವರದ ಐದರಷ್ಟು ಕಂಪನದಿಂದ ಹುಟ್ಟುವ ಅಂತರಗಾಂಧಾರ. ತಂಬೂರಿ ಮೂಲಸ್ವರವನ್ನು ಎರಡು, ಮೂರು, ನಾಲ್ಕು, ಐದರಿಂದ ಗುಣಿಸುತ್ತ ಮೇಲಕ್ಕೆ ಹೋದರೆ, ಈ ಪೆಟ್ಟಿಗೆ ಅದೇ ಅಂಕಿಗಳಿಂದ ಭಾಗಿಸುತ್ತ ಕೆಳಕ್ಕೆ ಇಳಿಯುತ್ತದೆ. ಆದಕಾರಣವೇ ಅಲ್ಲಿ ಪಂಚಮ ಇರುವ ಕಡೆ ಇಲ್ಲಿ ಮಧ್ಯಮ, ಅಲ್ಲಿ ಅಂತರಗಾಂಧಾರ ಇರುವ ಕಡೆ ಇಲ್ಲಿ ಶುದ್ಧಧೈವತ. ಕೊಳದ ನೀರಿನಲ್ಲಿ ಗೋಪುರವನ್ನು ಕಂಡಂತೆ. ಇದನ್ನು ಮಿಮ್ಸನು ಉದ್ದೇಶಿಸಿದ್ದನೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ, ಅದರ ಅಗತ್ಯವೂ ಇಲ್ಲ. ಪೆಟ್ಟಿಗೆಯ ಕ್ರಮ ಕರ್ತೃವಿನ ಇಚ್ಛೆಯಿಂದ ಬಂದುದಲ್ಲ, ಎರಡು ಬಟ್ಟಲುಗಳ ಸಂಬಂಧದಿಂದ ಬಂದುದು.

ಹಾಗಿರುವಾಗ ಇದನ್ನು 'ಗದ್ದಲದ ಯಂತ್ರ'ವೆಂದು ಕರೆಯುವುದು ಎಷ್ಟು ಸರಿ? ಭೌತವಿಜ್ಞಾನದಲ್ಲಿ ಗದ್ದಲವೆಂದರೆ ಕ್ರಮವಿಲ್ಲದ ಕಂಪನ, ಮುಂದಿನ ಕ್ಷಣ ಏನಾಗುವುದೆಂದು ಹಿಂದಿನ ಕ್ಷಣದಿಂದ ಹೇಳಲಾಗದಂಥದು. ಟ್ರಾನ್ಸಿಸ್ಟರಿನ ಸಂಧಿಯೊಂದನ್ನು ತಲೆಕೆಳಗಾಗಿ ಬ್ಯಾಟರಿಗೆ ಸೇರಿಸಿ ಅದರ ಕುಸಿತದ ಸದ್ದನ್ನು ವರ್ಧಿಸಿದರೆ ಅಂಥ ಗದ್ದಲ ನಿಜವಾಗಿಯೂ ದೊರೆಯುತ್ತದೆ. ಮಳೆ ಸುರಿಯುವ ಸದ್ದನ್ನು ಹೋಲುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಅದರ ಲೇಶವೂ ಇಲ್ಲ. ಇಲ್ಲಿರುವುದು ತಪ್ಪದೆ ಮರಳುವ ಚೌಕಾಕಾರದ ಕಂಪನ. ಕಿವಿಗೆ ಒರಟಾಗಿ ಕೇಳಿದುದೆಲ್ಲ ಗದ್ದಲವೆಂದರೆ ಮೌರಿಯೂ ಗದ್ದಲ, ಡೊಳ್ಳೂ ಗದ್ದಲ.

ಆದರೂ ಈ ಹೆಸರು ಏಕೆ ನಿಂತಿತು ಎಂಬುದು ಚರಿತ್ರೆಯ ಪ್ರಶ್ನೆ. ಇಂದು ಪೆಟ್ಟಿಗೆ ಪ್ರಸಿದ್ಧವಾಗಿರುವುದು ಮಿಮ್ಸನ ಎರಡು ಹೆಸರುಗಳಿಂದಲೂ ಅಲ್ಲ. 'ಅಟಾರಿ ಪಂಕ್ ಕನ್ಸೋಲ್' ಎಂಬ ಮೂರನೆಯ ಹೆಸರಿನಿಂದ. ಕಾಸ್ಟಿಕ್ ಮೆಷೀನ್ಸ್ ಎಂಬ ಕಟ್ಟುಗರ ಬಳಗವೊಂದು ಇಟ್ಟ ಹೆಸರಿದು. ಇದರ ಸದ್ದು ಅಟಾರಿ ಸಂಸ್ಥೆಯ ಹಳೆಯ ವಿಡಿಯೊ ಆಟದ ಯಂತ್ರಗಳ ಸದ್ದನ್ನು ನೆನಪಿಗೆ ತರುತ್ತದೆಂಬುದು ಕಾರಣ. ಪಂಕ್ ಎಂಬುದು ೧೯೭೦ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ನುಗಳಲ್ಲಿ ತಲೆಯೆತ್ತಿದ ಒರಟು ಸಂಗೀತದ ಪಂಥ. ಈ ಹೆಸರನ್ನು ಕೇಳಿದವನು ಪೆಟ್ಟಿಗೆ ಅಟಾರಿಯ ಯಂತ್ರದಿಂದ ಬಂದಿತೆಂದೋ, ಪಂಕ್ ಗಾಯಕರು ಬಳಸಿದರೆಂದೋ ತಿಳಿದರೆ ಆಶ್ಚರ್ಯವಿಲ್ಲ. ಎರಡೂ ಅಲ್ಲ. ೧೯೭೭ರಲ್ಲಿ ಮಾರಾಟಕ್ಕೆ ಬಂದ ಅಟಾರಿ ಯಂತ್ರದಲ್ಲಿ ಸದ್ದು ಹೊರಡುತ್ತಿದ್ದುದು ೫೫೫ರಿಂದಲ್ಲ, ಚಿತ್ರಕ್ಕೂ ಸದ್ದಿಗೂ ಒಂದೇ ಆಗಿ ರಚಿಸಿದ ಪ್ರತ್ಯೇಕ ಐಸಿಯಿಂದ. ಇಲ್ಲಿ ಒಂದು ವಿಚಿತ್ರವನ್ನು ಮಾತ್ರ ಒಪ್ಪಿಕೊಳ್ಳಬೇಕು. ಆ ಐಸಿಯೂ ಸೆಕೆಂಡಿಗೆ ಸುಮಾರು ಮೂವತ್ತು ಸಾವಿರದ ಒಂದು ಬಡಿತವನ್ನು ಒಂದರಿಂದ ಮೂವತ್ತೆರಡರವರೆಗಿನ ಅಂಕಿಗಳಿಂದ ಭಾಗಿಸಿಯೇ ಸ್ವರಗಳನ್ನು ಪಡೆಯುತ್ತಿತ್ತು. ಎರಡೂ ಯಂತ್ರಗಳು ಭಾಗಾಕಾರದಿಂದ ಹಾಡುವುವು. ಅಲ್ಲಿ ಭಾಜಕವನ್ನು ಗೊತ್ತುಮಾಡುವುದು ಆಟ ಬರೆದವನು, ಇಲ್ಲಿ ಗುಂಡಿ ತಿರುಗಿಸುವ ಬೆರಳು. ಹೆಸರಿಟ್ಟವರ ಕಿವಿ ಸರಿಯಾಗಿಯೇ ಕೇಳಿತು. ಆದರೆ ಕೇಳಿದ ಸಾಮ್ಯಕ್ಕೆ ವಂಶಾವಳಿಯ ಉಡುಪು ತೊಡಿಸಿದ್ದರಿಂದ, ಕರ್ತೃ ತಾನೇ ಆರಿಸಿ ಇಟ್ಟ 'ಮೆಟ್ಟಿಲಿನ' ಹೆಸರು ಮೂಲೆಗೆ ಬಿದ್ದಿತು.

ಹೆಸರಿನಿಂದ ಚರಿತ್ರೆಯನ್ನು ಕಟ್ಟುವ ಈ ಚಾಳಿಗೆ ೫೫೫ ಎಂಬ ಅಂಕಿಯೇ ಇನ್ನೊಂದು ನಿದರ್ಶನ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹಾನ್ಸ್ ಕಾಮೆನ್‌ಜಿಂಡ್ ಎಂಬ ಇಂಜಿನಿಯರು ಸಿಗ್ನೆಟಿಕ್ಸ್ ಎಂಬ ಸಂಸ್ಥೆಗಾಗಿ ೧೯೭೧ರಲ್ಲಿ, ಸಂಬಳದ ನೌಕರಿಯನ್ನು ಬಿಟ್ಟು ಗುತ್ತಿಗೆಯ ಮೇಲೆ ಕೆಲಸಮಾಡುತ್ತ, ಇದನ್ನು ರಚಿಸಿದನು. ೧೯೭೨ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಒಳಗಣ ಮೂರು ರೆಸಿಸ್ಟರುಗಳು ತಲಾ ಐದು ಕಿಲೊ ಓಮಿನವಾದ್ದರಿಂದ ೫೫೫ ಎಂದು ಹೆಸರಾಯಿತೆಂದು ಇಂದಿಗೂ ತರಗತಿಗಳಲ್ಲಿ ಹೇಳಿಕೊಡುವವರಿದ್ದಾರೆ. ಕಾಮೆನ್‌ಜಿಂಡನೇ ಇದನ್ನು ಅಲ್ಲಗಳೆದಿದ್ದಾನೆ. ಸಂಸ್ಥೆಯ ಮಾರಾಟದ ಅಧಿಕಾರಿ ಆರ್ಟ್ ಫ್ಯೂರಿ ಎಂಬುವನು ಚೆನ್ನಾಗಿ ಕಂಡ ಅಂಕಿಯನ್ನು ಆರಿಸಿದ, ಅಷ್ಟೆ. ಊರಿನ ಹೆಸರಿಗೆ ಪುರಾಣ ಕಟ್ಟುವ ಸ್ಥಳಮಾಹಾತ್ಮ್ಯಗಳನ್ನು ಓದಿ ಬಲ್ಲ ನಮಗೆ ಇದು ಹೊಸದಲ್ಲ. ಹೊಸದೆಂದರೆ ಕಟ್ಟಿದವನು ಬದುಕಿದ್ದು ಅಲ್ಲವೆಂದಾಗಲೂ ಮಾಹಾತ್ಮ್ಯ ಉಳಿದುಕೊಂಡದ್ದು.

ಇದಕ್ಕಿಂತ ಗುರುತರವಾದುದು ಪೆಟ್ಟಿಗೆಗೆ ಅಂಟಿಸುವ ದೂರದ ವಂಶಾವಳಿ. ಸದ್ದಿನ ಪೆಟ್ಟಿಗೆಗಳನ್ನು ಕುರಿತ ಬರಹಗಳು ಅನೇಕ ವೇಳೆ ಇಟಲಿಯ ಲುಯಿಜಿ ರುಸ್ಸೊಲೊನಿಂದ ಆರಂಭವಾಗುತ್ತವೆ. ೧೯೧೩ರ ಮಾರ್ಚಿಯಲ್ಲಿ ಈ ಚಿತ್ರಕಾರ 'ಗದ್ದಲಗಳ ಕಲೆ' ಎಂಬ ಘೋಷಣೆಯನ್ನು ಹೊರಡಿಸಿ, ಕಾರ್ಖಾನೆಯ ಯುಗದ ಕಿವಿಗೆ ಹಳೆಯ ವಾದ್ಯಗಳು ಸಾಲವೆಂದು ಸಾರಿದನು. ಗದ್ದಲಗಳನ್ನು ಆರು ಕುಲಗಳಾಗಿ ವಿಂಗಡಿಸಿದನು. ಅವನ್ನು ಹೊರಡಿಸಲು ಪೆಟ್ಟಿಗೆಗಳನ್ನೂ ಮಾಡಿಸಿ ೧೯೧೪ರಲ್ಲಿ ಮಿಲಾನಿನಲ್ಲಿ ಕಚೇರಿ ನಡೆಸಿದನು. ಆತನ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಆ ಪೆಟ್ಟಿಗೆಗಳಲ್ಲಿದ್ದುದು ಹಿಡಿ, ಚಕ್ರ, ತಂತಿ, ಚರ್ಮ ಮತ್ತು ಒಂದು ಕಹಳೆ. ಮೂಲ ಪೆಟ್ಟಿಗೆಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಶವಾದವು. ಅವಕ್ಕೂ ಮಿಮ್ಸನ ಕೈಬರಹದ ಪುಟಕ್ಕೂ ಸಂಬಂಧವನ್ನು ತೋರಿಸುವ ಒಂದು ಎಳೆಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಮನೋಧರ್ಮದ ಸಾಮ್ಯವನ್ನು ಪ್ರಭಾವವೆಂದು ಬರೆಯುವುದು ಸಾಹಿತ್ಯಚರಿತ್ರೆಯಲ್ಲಿ ಎಷ್ಟು ತಪ್ಪೋ ಇಲ್ಲಿಯೂ ಅಷ್ಟೇ ತಪ್ಪು.

ಪೆಟ್ಟಿಗೆಗೆ ಹತ್ತಿರದ ಬಂಧುವೊಂದನ್ನು ಹುಡುಕುವುದಾದರೆ ಬರ್ಲಿನ್ನಿಗೆ ಹೋಗಬೇಕು. ೧೯೩೦ರಲ್ಲಿ ಫ್ರೀಡ್ರಿಕ್ ಟ್ರೌಟ್‌ವೈನ್ ಅಲ್ಲಿ ಟ್ರೌಟೋನಿಯಮ್ ಎಂಬ ವಿದ್ಯುದ್ವಾದ್ಯವನ್ನು ರಚಿಸಿದನು. ಅದೂ ಕೆಪಾಸಿಟರು ತುಂಬಿ ಬರಿದಾಗುವ ತತ್ತ್ವದ ಮೇಲೆಯೇ ನಡೆಯುವಂಥದು. ಅದನ್ನು ಜೀವಮಾನವೆಲ್ಲ ಬೆಳೆಸಿದ ಓಸ್ಕರ್ ಸಾಲ ಮೂಲಸ್ವರವನ್ನು ಪೂರ್ಣಾಂಕಗಳಿಂದ ಭಾಗಿಸಿ ಪಡೆದ ಕೆಳಸ್ವರಗಳನ್ನೇ ತನ್ನ ವಾದ್ಯದ ವಿಶೇಷವನ್ನಾಗಿ ಮಾಡಿಕೊಂಡನು. ೧೯೬೩ರಲ್ಲಿ ಬಂದ ಹಿಚ್‌ಕಾಕನ 'ದಿ ಬರ್ಡ್ಸ್' ಚಿತ್ರದ ಹಕ್ಕಿಗಳ ಕರ್ಕಶ ಕೂಗುಗಳು ಅದರಿಂದ ಹೊರಟವು. ಇಲ್ಲಿಯೂ ಮಿಮ್ಸನು ಸಾಲನನ್ನು ಅನುಸರಿಸಿದನೆಂದು ನಾವು ಹೇಳುವುದಿಲ್ಲ. ಆದರೆ ಇದು ಕೆಲಸದಲ್ಲಿ ಇರುವ ಬಂಧುತ್ವ. ರುಸ್ಸೊಲೊನದು ಘೋಷಣೆಯಲ್ಲಿ ಇರುವ ಬಂಧುತ್ವ. ವಾದ್ಯಗಳ ಚರಿತ್ರೆಯಲ್ಲಿ ಮೊದಲನೆಯದಕ್ಕೆ ತೂಕ ಹೆಚ್ಚು.

ಘೋಷಣೆಯ ಚರಿತ್ರೆ ಮತ್ತು ಕೆಲಸದ ಚರಿತ್ರೆ ಎರಡನ್ನೂ ಒಟ್ಟಿಗೆ ಎತ್ತಿಕೊಳ್ಳುವ ಪ್ರಯತ್ನ ನಿಕೊಲಸ್ ಕಾಲಿನ್ಸನ 'ಹ್ಯಾಂಡ್‌ಮೇಡ್ ಎಲೆಕ್ಟ್ರಾನಿಕ್ ಮ್ಯೂಸಿಕ್' ಎಂಬ ಗ್ರಂಥದಲ್ಲಿದೆ. ೨೦೦೬ರಲ್ಲಿ ಮೊದಲು ಪ್ರಕಟವಾಗಿ ೨೦೨೦ರಲ್ಲಿ ಮೂರನೆಯ ಮುದ್ರಣವನ್ನು ಕಂಡ ಈ ಪುಸ್ತಕ ಚಿಕಾಗೋದ ಕಲಾಶಾಲೆಯೊಂದರ ಪಾಠಗಳಿಂದ ಬೆಳೆಯಿತು. ಆರು ವಿಲೋಮಕಗಳಿರುವ ಒಂದು ಅಗ್ಗದ ಐಸಿ, ಒಂದು ರೆಸಿಸ್ಟರು, ಒಂದು ಕೆಪಾಸಿಟರು ಇಷ್ಟರಿಂದ ಸ್ವರ ಹುಟ್ಟಿಸುವುದನ್ನು ಆತ ಕಲಿಸುವ ರೀತಿ ಮಿಮ್ಸನದಕ್ಕಿಂತಲೂ ಸರಳ. ಸಿದ್ಧಾಂತ ಹಿಂದೆ, ಕೈ ಮುಂದೆ ಎಂಬುದು ಅದರ ಕ್ರಮ. ವಿದ್ಯುತ್ತೆಂದರೆ ಹೆದರುವ ಕಲಾವಿದ್ಯಾರ್ಥಿಗೆ ಈ ಕ್ರಮ ಎಷ್ಟು ಉಪಕಾರಿಯೆಂಬುದನ್ನು ಅಲ್ಲಗಳೆಯಲಾಗದು. ಕಿವಿಯನ್ನು ಮೊದಲು ತೆರೆಯಿಸಿದ ಗುರು ಕಣ್ಣನ್ನು ಆಮೇಲೆ ತೆರೆಯಿಸಬಹುದು. ಆದರೆ ಆತನನ್ನು ಅನುಕರಿಸಿದವರ ಕೈಯಲ್ಲಿ ಇದು ಬೇರೆ ಮಾತಾಗಿ ಪರಿಣಮಿಸಿತು. ತಿಳಿಯದೆ ಕಟ್ಟುವುದು ಆರಂಭದ ಅನುಕೂಲವೆಂಬುದು ಹೋಗಿ, ತಿಳಿಯದಿರುವುದೇ ಸ್ವಾತಂತ್ರ್ಯದ ಲಕ್ಷಣವೆಂಬಂತಾಯಿತು. ಈ ನಿಲುವನ್ನು ನಾವು ಒಪ್ಪಲಾರೆವು. ಮೆಟ್ಟಿಲಿನ ಕಾರಣ ತಿಳಿಯದವನಿಗೆ ಪೆಟ್ಟಿಗೆ ಒಂದು ವಿನೋದ. ಎರಡು ಸಂಜೆ ಕಿರಿಚಿ ಅಟ್ಟ ಸೇರುತ್ತದೆ. ಕಾರಣ ತಿಳಿದವನು ಮೊದಲ ಗುಂಡಿಯನ್ನು ಶ್ರುತಿಗೆ ಹಿಡಿದು, ಎರಡನೆಯದರಲ್ಲಿ ಮೂರನೆಯ ಅಥವಾ ಐದನೆಯ ಮೆಟ್ಟಿಲನ್ನು ಬೇಕೆಂದೇ ಹುಡುಕಬಲ್ಲನು. ಕಾಲಿನ್ಸನ ಪುಸ್ತಕದಲ್ಲಿ ಚರಿತ್ರೆಗೂ ಸ್ಥಳವಿದೆ. ಆದರೆ ಅದು ಹೆಚ್ಚಾಗಿ ಕಲಾವಿದರ ಚರಿತ್ರೆ. ಬಿಡಿಭಾಗ ಯಾರಿಗಾಗಿ ಹುಟ್ಟಿತು, ಯಾವ ಕೈಗಾರಿಕೆ ಅದನ್ನು ಅಗ್ಗವಾಗಿಸಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಅಷ್ಟು ಜಾಗವಿಲ್ಲ. ೫೫೫ ಕೈಗಾರಿಕೆಯ ಸಾಮಾನು. ಸಂಗೀತಗಾರರನ್ನು ಮನಸ್ಸಿನಲ್ಲಿಟ್ಟು ಅದನ್ನು ಯಾರೂ ಮಾಡಲಿಲ್ಲ. ಎಲ್ಲೆಡೆಯೂ ಬೇಕಾದುದರಿಂದ ಅಗ್ಗವಾಯಿತು, ಅಗ್ಗವಾದುದರಿಂದ ವಾದ್ಯವಾಯಿತು.

ಕಾಲಿನ್ಸನ ಗುರುಪರಂಪರೆಯಲ್ಲಿ ಒಬ್ಬನಾದ ಡೇವಿಡ್ ಟ್ಯೂಡರನ ಹೆಸರಿನಿಂದ ಈ ವಿಷಯ ನಮ್ಮ ದೇಶವನ್ನೂ ಮುಟ್ಟುತ್ತದೆ. ತನ್ನ ವಾದ್ಯಗಳ ಸರ್ಕ್ಯೂಟುಗಳನ್ನು ತಾನೇ ಕಟ್ಟಿಕೊಳ್ಳುತ್ತಿದ್ದ ಈ ಅಮೆರಿಕನ್ ಸಂಗೀತಗಾರ ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಅಲ್ಲಿ ವಿದ್ಯುನ್ಮಾನ ಸಂಗೀತದ ಸ್ಟುಡಿಯೊ ನೆಲೆಗೊಳ್ಳಲು ನೆರವಾದನು. ಅದರ ಮುಖ್ಯ ಯಂತ್ರ ಅಮೆರಿಕದಿಂದ ತಂದ ಮೂಗ್ ಸಿಂಥಸೈಸರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ಕೃತಿಗಳನ್ನು ರಚಿಸಿದರು. ೧೯೭೦ರ ದಶಕದ ಮೊದಲ ವರ್ಷಗಳಲ್ಲಿಯೇ ಆ ಕೆಲಸ ನಿಂತಿತು. ಧ್ವನಿಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದಿದ್ದು, ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಸ್ ಅವುಗಳನ್ನು ಹೊರತಂದುದರಿಂದ ೨೦೨೩ರಲ್ಲಿ ಅವುಗಳಿಂದ ಆಯ್ದ ಮುದ್ರಿಕೆಗಳು ಪ್ರಕಟವಾದವು. ಅರ್ಧ ಶತಮಾನ ಅವು ಕೇಳಿಸದೆ ಇದ್ದುದಕ್ಕೆ ಕಾರಣಗಳು ಹಲವಿರಬಹುದು. ಒಂದು ಮಾತ್ರ ಸ್ಪಷ್ಟ. ಯಂತ್ರವೊಂದೇ ಇತ್ತು; ಅದು ಒಂದೇ ಕೋಣೆಯಲ್ಲಿತ್ತು; ಪ್ರತಿಯೆತ್ತಿಕೊಂಡು ಹೋಗುವಂಥದಾಗಿರಲಿಲ್ಲ. ಟ್ಯೂಡರನ ಸ್ವಂತ ಪದ್ಧತಿ, ಎಂದರೆ ಸಣ್ಣ ಸರ್ಕ್ಯೂಟುಗಳನ್ನು ಕಟ್ಟಿ ಒಂದಕ್ಕೊಂದು ಜೋಡಿಸುವುದು, ಮೂಗ್ ಯಂತ್ರದಷ್ಟು ಬೆಲೆ ಬಾಳುತ್ತಿರಲಿಲ್ಲ; ಆದರೆ ಹರಡುವ ಗುಣ ಅದಕ್ಕೇ ಇತ್ತು. ೧೯೭೩ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಕಿರಿಯರೊಡನೆ ಆತ ನಡೆಸಿದ ಶಿಬಿರದಿಂದ ಕಟ್ಟುಗ ಸಂಗೀತಗಾರರ ಒಂದು ತಲೆಮಾರೇ ಹೊರಟಿತು.

ನಮ್ಮ ನಾಡಿನಲ್ಲಿ ಸಣ್ಣ ಸರ್ಕ್ಯೂಟಿನ ಚರಿತ್ರೆ ಗದ್ದಲದ ಕಡೆಗೆ ಹೊರಳದೆ ಶ್ರುತಿಯ ಕಡೆಗೆ ಹೊರಳಿತು. ೧೯೭೦ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರಚಿಸಿ, ರಾಡೆಲ್ ಸಂಸ್ಥೆಯ ಮೂಲಕ ಪ್ರಚಾರಕ್ಕೆ ತಂದರು. ಇಂದು ಅದು ಇಲ್ಲದ ಪಾಠದ ಮನೆ ಅಪರೂಪ. ಕದಲದೆ ನಿಲ್ಲಬೇಕೆಂಬುದು ಶ್ರುತಿಪೆಟ್ಟಿಗೆಯ ಧರ್ಮ; ಧುಮುಕಬೇಕೆಂಬುದು ಮಿಮ್ಸನ ಪೆಟ್ಟಿಗೆಯ ಧರ್ಮ. ಒಂದೇ ಬಗೆಯ ಬಿಡಿಭಾಗಗಳು ಎರಡು ಸಂಸ್ಕೃತಿಗಳಲ್ಲಿ ಎರಡು ಕೆಲಸಕ್ಕೆ ನಿಂತುದು ವಾದ್ಯಗಳ ಚರಿತ್ರೆಯನ್ನು ಬರೆಯುವವರು ಬಿಡಿಸಿ ನೋಡತಕ್ಕ ವಿಷಯ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಕಡೆಯದಾಗಿ ಪಾಠದ ವಿಚಾರ. ಕೈಯಿಂದ ಕೈಗೆ ಪ್ರತಿಯಾದ ಯಾವ ಬರಹಕ್ಕೂ ಪಾಠಾಂತರಗಳು ತಪ್ಪಿದ್ದಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದ ವಿದ್ಯಾರ್ಥಿಗೆ ಈ ನಕ್ಷೆಯ ಪ್ರತಿಗಳನ್ನು ಹರಡಿಕೊಂಡು ಕುಳಿತರೆ ಅಪರಿಚಿತವೆನಿಸುವುದು ಲಿಪಿ ಮಾತ್ರ. ಕೆಲವು ಪ್ರತಿಗಳು ಒಂದು ೫೫೬ನ್ನು ಬಳಸುತ್ತವೆ, ಕೆಲವು ಎರಡು ೫೫೫ಗಳನ್ನು; ಒಂದರಿಂದ ಇನ್ನೊಂದಕ್ಕೆ ಬರೆದುಕೊಳ್ಳುವಾಗ ಕಾಲುಗಳ ಅಂಕಿಗಳು ಬಹುಮಟ್ಟಿಗೆ ಬದಲಾಗುವುದರಿಂದ ಅಲ್ಲಿಯೇ ತಪ್ಪುಗಳು ನುಸುಳಲು ದಾರಿ. ೫೦೦ ಕಿಲೊ ಓಮಿಗೆ ಬದಲು ೪೭೦ ಎಂಬುದು ಅಂಗಡಿಯಲ್ಲಿ ಸಿಕ್ಕಿದುದರಿಂದ ಬಂದ ಪಾಠ, ಅರ್ಥಭೇದವಿಲ್ಲ. ಆದರೆ ಪ್ರತಿಕಾರನೊಬ್ಬ ಎರಡು ಕೆಪಾಸಿಟರುಗಳನ್ನು ಅದಲುಬದಲು ಮಾಡಿದನೆನ್ನಿ: ಮೊದಲ ಟೈಮರಿನ ಬಡಿತ ಹತ್ತರಲ್ಲೊಂದಾಗುತ್ತದೆ, ಎರಡನೆಯದರ ಎಚ್ಚರವೂ ಹತ್ತರಲ್ಲೊಂದಾಗುತ್ತದೆ, ಮೊದಲ ಗುಂಡಿಯ ಬಹುಪಾಲು ತಿರುವಿನಲ್ಲಿ ಬಡಿತಗಳು ದೂರ ಸರಿದು, ಒಂದನ್ನೂ ಬಿಡಬೇಕಾದ ಪ್ರಸಂಗವೇ ಬರುವುದಿಲ್ಲ. ಪೆಟ್ಟಿಗೆ ಆಗಲೂ ಸದ್ದು ಮಾಡುತ್ತದೆ, ಕಟ್ಟಿದವನಿಗೆ ತೃಪ್ತಿಯೂ ಆದೀತು. ಮೆಟ್ಟಿಲುಗಳು ಮಾತ್ರ ಮಾಯವಾಗಿರುತ್ತವೆ. ಇದು ಗದ್ದಲದ ಪೆಟ್ಟಿಗೆಯೆಂದು ನಂಬಿದವನಿಗೆ ಪಾಠ ಕೆಟ್ಟಿರುವುದು ಎಂದೂ ತಿಳಿಯದು.

ಇನ್ನೊಂದು ದೋಷ ನಿಜವಾಗಿಯೂ ವ್ಯಾಪಕವಾಗಿ ಕಂಡುಬರುತ್ತದೆ. ಅನೇಕ ಪ್ರತಿಗಳಲ್ಲಿ ಮೊದಲ ಗುಂಡಿಯ ಒಂದು ತುದಿ ಬ್ಯಾಟರಿಯ ಧನಕ್ಕೂ ಇನ್ನೊಂದು ತುದಿ ಟೈಮರು ಕೆಪಾಸಿಟರನ್ನು ಬರಿದುಮಾಡುವ ಕಾಲಿಗೂ ನೇರವಾಗಿ ಸೇರಿವೆ. ಗುಂಡಿಯನ್ನು ಸೊನ್ನೆಗೆ ತಂದೊಡನೆ ಬ್ಯಾಟರಿಗೂ ಆ ಕಾಲಿಗೂ ನಡುವೆ ತಡೆಯೇ ಇರುವುದಿಲ್ಲ. ಒಳಗಣ ಟ್ರಾನ್ಸಿಸ್ಟರು ಸುಟ್ಟುಹೋಗುವ ಸಂಭವವಿದೆ. ಮೇಲೆ ಹೇಳಿದ ಒಂದು ಕಿಲೊ ಓಮಿನ ರೆಸಿಸ್ಟರು ಆ ಕಾಲಿನ ಇನ್ನೊಂದು ಮಗ್ಗುಲಲ್ಲಿ ಇರುವುದರಿಂದ ಅದು ಇದಕ್ಕೆ ರಕ್ಷೆಯಾಗದು. ಕೆಲವು ಪ್ರತಿಗಳಲ್ಲಿ ವಿವೇಕಿಯಾದ ಯಾರೋ ಗುಂಡಿಯೊಡನೆ ಸಾಲಾಗಿ ಒಂದು ಕಿಲೊ ಓಮಿನ ಇನ್ನೊಂದು ರೆಸಿಸ್ಟರನ್ನು ಸೇರಿಸಿದ್ದಾರೆ. ಇದನ್ನು ಮೂಲಪಾಠವೆಂದು ಹೇಳಲಾಗದು, ಪ್ರಕ್ಷಿಪ್ತವೆಂದು ತಳ್ಳಲೂ ಆಗದು. ವಿದ್ಯಾರ್ಥಿಗಳಿಗೆ ಈ ನಕ್ಷೆಯನ್ನು ಹಂಚುವ ಅಧ್ಯಾಪಕರು ಆ ರೆಸಿಸ್ಟರನ್ನು ಆವರಣದೊಳಗೆ ಇಟ್ಟು, ಸಂಪಾದಕರು ಸೇರಿಸಿದ್ದು ಎಂದು ಅಂಚಿನಲ್ಲಿ ಬರೆದು, ಮೇಲೆ ೧೯೮೪ರ ಹೆಸರನ್ನೇ ಹಾಕುವುದು ಒಳ್ಳೆಯದು.